ಕಂಪ್ಯೂಟರ್‌ಗೆ ಕನ್ನಡ ಬರುವುದಿಲ್ಲವೇ? ನಿಮ್ಮ ಪ್ರೋಗ್ರಾಂನಲ್ಲಿ ಅಕ್ಷರಗಳು ಪ್ರಶ್ನೆಚಿಹ್ನೆ ಆಗುವುದೇಕೆ?

ಹೊಸದಾಗಿ ಪ್ರೋಗ್ರಾಮಿಂಗ್ ಕಲಿತ ವಿದ್ಯಾರ್ಥಿನಿಯೊಬ್ಬಳು ಊರಿನ ಗ್ರಂಥಾಲಯಕ್ಕೆ ಸದಸ್ಯರ ಪಟ್ಟಿ ಇಡುವ ಪುಟ್ಟ ತಂತ್ರಾಂಶ ಮಾಡುತ್ತಾಳೆ ಎಂದುಕೊಳ್ಳಿ. ಹೆಸರುಗಳನ್ನೆಲ್ಲ ಕನ್ನಡದಲ್ಲೇ ಟೈಪ್ ಮಾಡುತ್ತಾಳೆ, ಉಳಿಸುತ್ತಾಳೆ. ಮರುದಿನ ತೆರೆದು ನೋಡಿದರೆ ಪ್ರತಿ ಹೆಸರಿನ ಜಾಗದಲ್ಲೂ ಬರೀ "?????". ಯಾರನ್ನು ಕೇಳಿದರೂ ಒಂದೇ ಉತ್ತರ: "ಕಂಪ್ಯೂಟರ್‌ಗೆ ಕನ್ನಡ ಆಗಿಬರಲ್ಲ, ಇಂಗ್ಲಿಷಲ್ಲೇ ಹಾಕು."

ಈ ಮಾತು ಕಾಲೇಜು ಪ್ರಾಜೆಕ್ಟ್‌ಗಳಿಂದ ಹಿಡಿದು ಕಚೇರಿಗಳವರೆಗೆ ಹರಿದಾಡುತ್ತಲೇ ಇದೆ. ಅದನ್ನು ನಂಬಿದವರು ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ತುಂಬುತ್ತಾರೆ. ಆಮೇಲೆ ಬಾಳಪ್ಪ ಬಾಲಪ್ಪನಾಗುತ್ತಾನೆ. ಒಂದು ದಾಖಲೆಯಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಮತ್ತೊಂದು ಎಂದು ಜನ ಅಲೆಯುವಂತಾಗುತ್ತದೆ. ಹಾಗಾಗಿ ಈ ಮಾತು ಎಷ್ಟು ನಿಜ, ಸಮಸ್ಯೆ ನಿಜವಾಗಿ ಎಲ್ಲಿರುತ್ತದೆ, ಸರಿಪಡಿಸುವುದು ಹೇಗೆ ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಹೇಳಿಕೆ: ಕನ್ನಡವನ್ನು ಕಂಪ್ಯೂಟರ್ ಪ್ರೋಗ್ರಾಂಗಳಲ್ಲಿ, ಡೇಟಾಬೇಸ್‌ಗಳಲ್ಲಿ ಸರಿಯಾಗಿ ಉಳಿಸಲು ಆಗುವುದಿಲ್ಲ.

ನಿಜಾಂಶ: ತಪ್ಪು. ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡ ಇತ್ತು. ತೊಂದರೆ ಬರುವುದು ಕನ್ನಡದಿಂದಲ್ಲ, ಪ್ರೋಗ್ರಾಂನ ಒಂದು ಭಾಗ ಒಂದು ಪಟ್ಟಿಯನ್ನೂ ಇನ್ನೊಂದು ಭಾಗ ಬೇರೆ ಪಟ್ಟಿಯನ್ನೂ ಹಿಡಿದು ಕೂತಿರುವುದರಿಂದ.

ಮೊದಲು ಒಂದು ಸಣ್ಣ ವಿಷಯ: ಅಕ್ಷರಕ್ಕೂ ಸರ್ವೆ ನಂಬರ್ ಇದೆ

ಕಂಪ್ಯೂಟರ್ ಅಕ್ಷರವನ್ನು ಉಳಿಸುವುದಿಲ್ಲ, ಸಂಖ್ಯೆಯನ್ನು ಉಳಿಸುತ್ತದೆ. ಯೂನಿಕೋಡ್ ಎಂಬುದು ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಹೇಳುವ ಜಾಗತಿಕ ಪಟ್ಟಿ. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ, ಒಟ್ಟು 128 ಜಾಗಗಳನ್ನು ಮೀಸಲಿಡಲಾಗಿದೆ. 'ಕ' ಅಕ್ಷರದ ಸಂಖ್ಯೆ 3221.

ಈ ಸಂಖ್ಯೆಯನ್ನು ಫೈಲ್‌ನಲ್ಲಿ ಬರೆದಿಡುವ ಒಂದು ವಿಧಾನವೇ ಯುಟಿಎಫ್-8. ಅದರಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. 'ಕ' ಅಕ್ಷರವು 224, 178, 149 ಎಂಬ ಮೂರು ಬೈಟ್‌ಗಳಾಗಿ ಕೂರುತ್ತದೆ.

ಜಮೀನಿನ ಸರ್ವೆ ನಂಬರ್ ನೆನಪಿಸಿಕೊಳ್ಳಿ. "ಸರ್ವೆ ನಂಬರ್ 149" ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ, ಯಾವ ಗ್ರಾಮದ್ದು ಎಂದೂ ಹೇಳಬೇಕು. ಪಕ್ಕದ ಊರಿನ ನಕ್ಷೆ ಹಿಡಿದು ಹುಡುಕಿದರೆ 149ರಲ್ಲಿ ಬೇರೆ ಯಾರದೋ ಹೊಲ ಸಿಗುತ್ತದೆ. ಅಕ್ಷರಗಳ ವಿಷಯವೂ ಹೀಗೆಯೇ. ಯಾವ ನಕ್ಷೆಯ ಪ್ರಕಾರ ಓದಬೇಕು ಎಂಬುದಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ. ಹೊಸಬರು ಎದುರಿಸುವ ತೊಂದರೆಗಳಲ್ಲಿ ಹೆಚ್ಚಿನವು ತಪ್ಪು ನಕ್ಷೆಯಿಂದಲೇ ಬಂದವು.

ಲಕ್ಷಣ ನೋಡಿ ಕಾಯಿಲೆ ಗುರುತಿಸಿ

"ಕನ್ನಡ ಬರುತ್ತಿಲ್ಲ" ಎಂದಷ್ಟೇ ಹೇಳಿದರೆ ಯಾರಿಗೂ ಸಹಾಯ ಮಾಡಲಾಗದು. ಪರದೆಯ ಮೇಲೆ ಏನು ಕಾಣುತ್ತಿದೆ ಎಂಬುದೇ ಮುಖ್ಯ ಸುಳಿವು.

1. ಖಾಲಿ ಡಬ್ಬಿಗಳು (□□□) ಕಂಡರೆ: ಇದು ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ಮಾಹಿತಿ ಸುರಕ್ಷಿತವಾಗಿದೆ, ತೋರಿಸಲು ಬೇಕಾದ ಫಾಂಟ್ ಮಾತ್ರ ಇಲ್ಲ. ಆ ಪಠ್ಯವನ್ನೇ ನಕಲು ಮಾಡಿ ಫೋನಿನಲ್ಲಿ ಅಂಟಿಸಿದರೆ ಕನ್ನಡ ಸರಿಯಾಗಿ ಕಾಣುವ ಸಾಧ್ಯತೆ ಹೆಚ್ಚು. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಅಥವಾ ಹಳೆಯ ತುಂಗಾ ಫಾಂಟ್, ವೆಬ್ ಪುಟಗಳಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್ ಬಳಸಿದರೆ ಸಾಕು.

2. ಪ್ರಶ್ನೆಚಿಹ್ನೆಗಳು (?????) ಕಂಡರೆ: ಇದು ಅತಿ ಅಪಾಯದ್ದು. ದಾರಿಯಲ್ಲಿದ್ದ ಯಾವುದೋ ಒಂದು ಭಾಗಕ್ಕೆ ಕನ್ನಡದ ಸಂಖ್ಯೆ ತನ್ನ ಪಟ್ಟಿಯಲ್ಲಿ ಸಿಗಲಿಲ್ಲ. ಅದು ಆ ಜಾಗದಲ್ಲಿ ಪ್ರಶ್ನೆಚಿಹ್ನೆಯ ಸಂಖ್ಯೆಯಾದ 63 ಅನ್ನು ಬರೆದುಬಿಟ್ಟಿದೆ. ಉಳಿಸುವ ಮೊದಲೇ ಹೀಗಾಗಿದ್ದರೆ ಮೂಲ ಅಕ್ಷರ ಅಳಿಸಿಹೋದಂತೆ. ಯಾವ ಫಾಂಟ್ ಹಾಕಿದರೂ, ಯಾವ ಆ್ಯಪ್ ಬಳಸಿದರೂ ಅದು ಮರಳಿ ಬರುವುದಿಲ್ಲ.

3. ವಿಚಿತ್ರ ಅಕ್ಷರಗಳ ಸಾಲು, ನಡುನಡುವೆ ಪುಟ್ಟ 2 ಅಥವಾ 3 ಕಂಡರೆ: ತಲೆಯ ಮೇಲೆ ಓರೆಗೆರೆಯಿರುವ ಇಂಗ್ಲಿಷಿನ ಸಣ್ಣ 'ಎ', ಅದರ ಪಕ್ಕದಲ್ಲಿ ವರ್ಗ ಚಿಹ್ನೆಯಂತೆ ಮೇಲಕ್ಕೆ ಕೂತ 2 ಅಥವಾ 3, ಆಮೇಲೆ ಇನ್ನೊಂದು ಗುರುತು. ಈ ಜೋಡಣೆ ಮತ್ತೆ ಮತ್ತೆ ಬರುತ್ತಿದ್ದರೆ ಅದು ಯುಟಿಎಫ್-8ರಲ್ಲಿರುವ ಕನ್ನಡವೇ. ಓದುತ್ತಿರುವ ಪ್ರೋಗ್ರಾಂ ಮಾತ್ರ ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ನಕ್ಷೆ ಹಿಡಿದಿದೆ. ಆ ನಕ್ಷೆಯಲ್ಲಿ 224 ಎಂದರೆ ಓರೆಗೆರೆಯ 'ಎ', 178 ಎಂದರೆ ಪುಟ್ಟ 2, 179 ಎಂದರೆ ಪುಟ್ಟ 3. ಕನ್ನಡದ ಎಲ್ಲ ಚಿಹ್ನೆಗಳೂ 224, 178 ಅಥವಾ 224, 179ರಿಂದಲೇ ಶುರುವಾಗುವುದರಿಂದ ಈ ಗುರುತು ತಪ್ಪುವುದಿಲ್ಲ. ಮೂಲ ಫೈಲ್ ಇದ್ದರೆ ಇದನ್ನು ಸರಿಪಡಿಸಬಹುದು.

4. ಇಂಗ್ಲಿಷಿನ ದೊಡ್ಡ 'ಪಿ', ಓರೆಗೆರೆಯ ದೊಡ್ಡ 'ಎ', ಪೌಂಡ್ ಚಿಹ್ನೆ ಇವೆಲ್ಲ ಕಲಸಿದಂತೆ ಕಂಡರೆ: ಇದು ಯೂನಿಕೋಡ್ ಅಲ್ಲವೇ ಅಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ. ಆ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿ ಕೆಲಸ ನಡೆಸಲಾಗುತ್ತಿತ್ತು. ಆ ಫಾಂಟ್ ತೆಗೆದರೆ ವೇಷ ಕಳಚಿ ಒಳಗಿನ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಇಂಥ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ನೋಡುವುದು ಒಳ್ಳೆಯದು.

"ಕನ್ನಡ ಫಾಂಟ್ ಇನ್‌ಸ್ಟಾಲ್ ಮಾಡಿದರೆ ಎಲ್ಲ ಸರಿಹೋಗುತ್ತದೆ" ನಿಜವೇ?

ಭಾಗಶಃ ನಿಜ. ಮೇಲಿನ ನಾಲ್ಕರಲ್ಲಿ ಫಾಂಟ್‌ನಿಂದ ಪೂರ್ತಿ ಸರಿಹೋಗುವುದು ಮೊದಲನೆಯದು ಮಾತ್ರ. ನಾಲ್ಕನೆಯದರಲ್ಲಿ ಹಳೆಯ ಫಾಂಟ್ ಹಾಕಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ. ಆದರೆ ಹುಡುಕಾಟ, ಅಕಾರಾದಿ ಜೋಡಣೆ, ಫೋನಿಗೆ ಕಳಿಸುವುದು ಯಾವುದೂ ನಡೆಯುವುದಿಲ್ಲ. ಎರಡನೆಯ ಮತ್ತು ಮೂರನೆಯ ತೊಂದರೆಗಳಿಗೆ ಫಾಂಟ್‌ನಿಂದ ಏನೂ ಆಗದು. "ಈ ಫಾಂಟ್ ಆ್ಯಪ್ ಹಾಕಿಕೊಳ್ಳಿ" ಎಂದು ಬರುವ ಗೊತ್ತಿಲ್ಲದ ಲಿಂಕ್‌ಗಳನ್ನು ಒತ್ತುವ ಅಗತ್ಯವೂ ಇಲ್ಲ. ಇಂದಿನ ಆಂಡ್ರಾಯ್ಡ್, ಐಫೋನ್, ವಿಂಡೋಸ್ ಎಲ್ಲದರಲ್ಲೂ ಕನ್ನಡ ಫಾಂಟ್ ಮೊದಲೇ ಇರುತ್ತದೆ.

ಪ್ರಶ್ನೆಚಿಹ್ನೆ ಎಲ್ಲಿಂದ ಬರುತ್ತದೆ?

ಹೊಲಕ್ಕೆ ನೀರು ಬಾರದಿದ್ದರೆ ಪೈಪಿನ ಒಂದೊಂದು ಜೋಡಣೆಯನ್ನೂ ನೋಡುತ್ತಾ ಹೋಗುತ್ತೇವೆ. ಇಲ್ಲೂ ಹಾಗೆಯೇ. ಕೀಲಿಮಣೆಯಿಂದ ಪರದೆಯವರೆಗಿನ ದಾರಿಯಲ್ಲಿ ಕೋಡ್ ಫೈಲ್, ಪ್ರೋಗ್ರಾಂ, ಡೇಟಾಬೇಸ್ ಸಂಪರ್ಕ, ಡೇಟಾಬೇಸ್ ಟೇಬಲ್, ವೆಬ್ ಪುಟ ಎಂಬ ಐದು ಜೋಡಣೆಗಳಿವೆ. ಒಂದು ತಪ್ಪಿದರೂ ಸಾಕು.

*ಮೈಎಸ್‌ಕ್ಯೂಎಲ್ ಬಳಸುವವರಿಗೆ:* ಹಳೆಯ ಆವೃತ್ತಿಗಳು ತಾವಾಗಿಯೇ ಲ್ಯಾಟಿನ್-1 ಎಂಬ ನಕ್ಷೆ ಹಿಡಿಯುತ್ತಿದ್ದವು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಆವೃತ್ತಿ 8.0ರಿಂದ ಯುಟಿಎಫ್-8-ಎಂಬಿ-4 ತಾನಾಗಿಯೇ ಇರುತ್ತದೆ. ಹಳೆಯ ಟೇಬಲ್ ಇದ್ದರೆ ನೀವೇ ಬದಲಿಸಬೇಕು. 'ಯುಟಿಎಫ್-8' ಎಂದಷ್ಟೇ ಬರೆದರೆ ಒಂದು ಚಿಹ್ನೆಗೆ ಗರಿಷ್ಠ ಮೂರು ಬೈಟ್ ಸಿಗುತ್ತದೆ ಎಂಬುದು ಇಲ್ಲಿನ ಇನ್ನೊಂದು ತೊಡಕು. ಕನ್ನಡಕ್ಕೆ ಮೂರು ಸಾಕು, ಎಮೋಜಿಗೆ ನಾಲ್ಕು ಬೇಕು. ಕನ್ನಡ ಸರಿಯಾಗಿ ಉಳಿದು ಎಮೋಜಿ ಇದ್ದ ಸಂದೇಶ ಮಾತ್ರ ಕೈಕೊಡುತ್ತಿದ್ದರೆ ಕಾರಣ ಇದು. ಟೇಬಲ್ ಸರಿಯಿದ್ದೂ ಪ್ರಶ್ನೆಚಿಹ್ನೆ ಬರುತ್ತಿದ್ದರೆ, ಪ್ರೋಗ್ರಾಂ ಮತ್ತು ಡೇಟಾಬೇಸ್ ನಡುವಿನ ಸಂಪರ್ಕದ ನಕ್ಷೆಯನ್ನು ನೋಡಿ. ಹಲವರು ಮರೆಯುವುದು ಇದನ್ನೇ.

*ಎಸ್‌ಕ್ಯೂಎಲ್ ಸರ್ವರ್ ಬಳಸುವವರಿಗೆ:* ವಿಷುಯಲ್ ಬೇಸಿಕ್ ಅಥವಾ ಸಿ-ಶಾರ್ಪ್‌ನಲ್ಲಿ ಡೆಸ್ಕ್‌ಟಾಪ್ ತಂತ್ರಾಂಶ ಮಾಡುವ ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿ. ಕಾಲಂನ ವಿಧ 'ವಾರ್‌ಕ್ಯಾರ್' ಆಗಿದ್ದರೆ ಸಾಮಾನ್ಯವಾಗಿ ಸಾಲದು, 'ಎನ್‌ವಾರ್‌ಕ್ಯಾರ್' ಆಗಬೇಕು. ಕ್ವೆರಿಯಲ್ಲಿ ಕನ್ನಡ ಪಠ್ಯವನ್ನು ನೇರವಾಗಿ ಬರೆಯುವುದಾದರೆ ಉದ್ಧರಣ ಚಿಹ್ನೆಯ ಮುಂದೆ ಇಂಗ್ಲಿಷಿನ ದೊಡ್ಡ 'ಎನ್' ಅಕ್ಷರ ಹಾಕಬೇಕು. ಹಾಕದಿದ್ದರೆ "ಕನ್ನಡ" ಎಂಬ ಪದ ಐದು ಪ್ರಶ್ನೆಚಿಹ್ನೆಗಳಾಗಿ ಉಳಿಯುತ್ತದೆ. ಪಠ್ಯವನ್ನು ಕ್ವೆರಿಗೆ ಅಂಟಿಸದೆ ಪ್ಯಾರಾಮೀಟರ್ ಆಗಿ ಕಳಿಸಿದರೆ ಈ ರಗಳೆ ತಪ್ಪುತ್ತದೆ. ಕ್ವೆರಿಯೊಳಗೆ ಕಿಡಿಗೇಡಿಗಳು ಬೇರೆ ಆದೇಶ ತೂರಿಸುವುದಕ್ಕೂ ತಡೆ ಬೀಳುತ್ತದೆ.

*ಪೈಥಾನ್ ಕಲಿಯುವವರಿಗೆ:* ವಿಂಡೋಸ್‌ನಲ್ಲಿ ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಹೇಳದಿದ್ದರೆ ಪೈಥಾನ್ ಸಾಮಾನ್ಯವಾಗಿ ವಿಂಡೋಸ್‌ನ ಹಳೆಯ ನಕ್ಷೆಯನ್ನೇ ಹಿಡಿಯುತ್ತದೆ. ಆಗ 'ಚಾರ್‌ಮ್ಯಾಪ್' ಎಂಬ ಪದವಿರುವ ದೋಷ ಸಂದೇಶ ಬರುತ್ತದೆ. ಫೈಲ್ ತೆರೆಯುವ ಪ್ರತಿ ಸಾಲಿನಲ್ಲೂ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯುವುದೇ ಪರಿಹಾರ.

*ವೆಬ್ ಪುಟ ಮಾಡುವವರಿಗೆ:* ಪುಟದ ತಲೆಭಾಗದಲ್ಲಿ, ಮೊದಲ 1024 ಬೈಟ್‌ಗಳ ಒಳಗೆ, 'ಚಾರ್‌ಸೆಟ್' ಯುಟಿಎಫ್-8 ಎಂದು ಸೂಚಿಸಬೇಕು. ಫೈಲ್ ಅನ್ನೂ ಯುಟಿಎಫ್-8ರಲ್ಲೇ ಉಳಿಸಿರಬೇಕು. ಫೈಲ್ ಯುಟಿಎಫ್-8ರಲ್ಲಿದ್ದು ಈ ಸೂಚನೆ ಬಿಟ್ಟುಹೋದರೆ ಮೂರನೆಯ ಲಕ್ಷಣ ಕಾಣಿಸಿಕೊಳ್ಳಬಹುದು.

ಎಕ್ಸೆಲ್‌ನಲ್ಲಿ ತೆರೆದರೆ ಹಾಳಾಗುತ್ತದೆ, ಏಕೆ?

ಪ್ರೋಗ್ರಾಂನಿಂದ ಬಂದ ಸಿಎಸ್‌ವಿ ಫೈಲ್ ನೋಟ್‌ಪ್ಯಾಡ್‌ನಲ್ಲಿ ಸರಿಯಾಗಿರುತ್ತದೆ, ಎರಡು ಬಾರಿ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಓರೆಗೆರೆಯ 'ಎ'ಗಳ ಜಾತ್ರೆ. ಫೈಲ್‌ನ ಆರಂಭದಲ್ಲಿ 'ಇದು ಯುಟಿಎಫ್-8' ಎಂದು ಹೇಳುವ ಮೂರು ಬೈಟ್‌ಗಳ ಗುರುತು ಇಲ್ಲದಿದ್ದರೆ ಎಕ್ಸೆಲ್ ಹಳೆಯ ನಕ್ಷೆಯನ್ನೇ ಊಹಿಸಿಕೊಳ್ಳುವುದುಂಟು. ಆದ್ದರಿಂದ 'ಡೇಟಾ' ಮೆನುವಿನ 'ಫ್ರಂ ಟೆಕ್ಸ್ಟ್' ಆಯ್ಕೆಯಿಂದ ಫೈಲ್ ತರಿಸಿ, ಅಲ್ಲಿ ಯುಟಿಎಫ್-8 ಆರಿಸಿ. ನೀವೇ ಫೈಲ್ ತಯಾರಿಸುತ್ತಿದ್ದರೆ ಆ ಮೂರು ಬೈಟ್‌ಗಳ ಗುರುತನ್ನು ಸೇರಿಸಿ.

ಒಂದು ಎಚ್ಚರಿಕೆ: ಹಾಳಾಗಿ ಕಾಣುತ್ತಿರುವಾಗ 'ಸೇವ್' ಒತ್ತಬೇಡಿ. ಒತ್ತಿದರೆ ಹಾಳಾದ ರೂಪವೇ ಶಾಶ್ವತವಾಗುತ್ತದೆ. ಕನ್ನಡದ ಅರ್ಧಾಕ್ಷರ ಚಿಹ್ನೆ '್' ಮೂರು ಬೈಟ್‌ಗಳಲ್ಲಿ ಬರೆದಾಗ ಕೊನೆಯ ಬೈಟ್ 141. ವಿಂಡೋಸ್‌ನ ಹಳೆಯ ನಕ್ಷೆಯಲ್ಲಿ 141ಕ್ಕೆ ಯಾವ ಅಕ್ಷರವೂ ಇಲ್ಲ. ಹಾಗಾಗಿ ಹಾಳಾದ ಪಠ್ಯವನ್ನು ನಕಲು ಮಾಡಿ ಸರಿಪಡಿಸಲು ಹೋದರೆ ಮೊದಲು ಕಳೆದುಹೋಗಬಹುದಾದವು ಒತ್ತಕ್ಷರಗಳೇ.

"ಕನ್ನಡ" ಪದದಲ್ಲಿ ಎಷ್ಟು ಅಕ್ಷರ?

ಮೂರು, ಒಂದನೇ ತರಗತಿಯ ಮಗುವೂ ಹೇಳುತ್ತದೆ. ಜಾವಾಸ್ಕ್ರಿಪ್ಟ್ ಅಥವಾ ಪೈಥಾನ್ ಅನ್ನು ಕೇಳಿದರೆ ಐದು ಎನ್ನುತ್ತದೆ. ಏಕೆಂದರೆ ಅದು ಎಣಿಸುವುದು ಕ, ನ, ್, ನ, ಡ ಎಂಬ ಐದು ಚಿಹ್ನೆಗಳನ್ನು. ಬೈಟ್ ಲೆಕ್ಕದಲ್ಲಿ ಕೇಳಿದರೆ ಉತ್ತರ ಹದಿನೈದು. ಮೂರು ಉತ್ತರಗಳೂ ಸರಿಯೇ, ಪ್ರಶ್ನೆಗಳು ಬೇರೆ.

ಇದು ತಿಳಿಯದಿದ್ದರೆ ಆಗುವ ತೊಂದರೆ ಸಣ್ಣದಲ್ಲ. ಹೆಸರಿನ ಜಾಗಕ್ಕೆ 20 ಬೈಟ್ ಮೀಸಲಿಟ್ಟರೆ ಅದರಲ್ಲಿ ಕನ್ನಡದ ಆರು ಚಿಹ್ನೆ ಮಾತ್ರ ಹಿಡಿಸುತ್ತದೆ. ಉದ್ದದ ಹೆಸರುಗಳು ತಿರಸ್ಕೃತವಾಗುತ್ತವೆ ಅಥವಾ ನಡುವೆ ತುಂಡಾಗುತ್ತವೆ. ನೀವು ಬಳಸುವ ಡೇಟಾಬೇಸ್ ಬೈಟ್ ಎಣಿಸುತ್ತದೆಯೋ ಚಿಹ್ನೆ ಎಣಿಸುತ್ತದೆಯೋ ಎಂದು ಮೊದಲೇ ತಿಳಿದುಕೊಳ್ಳಿ. ಎಸ್‌ಎಂಎಸ್ ಕಳಿಸುವ ಪ್ರೋಗ್ರಾಂ ಮಾಡುವವರಿಗೂ ಇದು ಬೇಕು. ಇಂಗ್ಲಿಷ್ ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸಿದರೆ, ಯೂನಿಕೋಡ್ ಕನ್ನಡದಲ್ಲಿ ಒಂದು ಸಂದೇಶಕ್ಕೆ 70 ಚಿಹ್ನೆ. ಒಂದು ಸಂದೇಶ ಎಂದುಕೊಂಡದ್ದು ಮೂರಾಗಿ ಹೋಗಿ ಬಿಲ್ಲು ಏರುವುದು ಹೀಗೆ.

ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ

"ಹೆಸರು ಪಟ್ಟಿಯಲ್ಲೇ ಇದೆ, ಹುಡುಕಿದರೆ ಸಿಗುತ್ತಿಲ್ಲ." ಇದಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣಗಳಿರುತ್ತವೆ.

ಮೊದಲನೆಯದು ಅನುಸ್ವಾರದ ಜಾಗದಲ್ಲಿ ಸೊನ್ನೆ. ಅನುಸ್ವಾರ 'ಂ' ಮತ್ತು ಕನ್ನಡದ ಸೊನ್ನೆ '೦' ನೋಡಲು ಒಂದೇ ಥರ. ಆದರೆ ಒಂದರ ಸಂಖ್ಯೆ 3202, ಇನ್ನೊಂದರದು 3302. ಅವಸರದಲ್ಲಿ ಯಾರೋ ಸೊನ್ನೆ ಹಾಕಿ 'ಗಂಗಮ್ಮ' ಎಂದು ಟೈಪ್ ಮಾಡಿದರೆ ಆ ಗಂಗಮ್ಮ ಹುಡುಕಾಟದಲ್ಲಿ ಸಿಗುವುದಿಲ್ಲ. ಅಕ್ಷರಗಳ ನಡುವೆ ಬಂದ ಸೊನ್ನೆಯನ್ನು ಅನುಸ್ವಾರಕ್ಕೆ ಬದಲಿಸುವ ಒಂದು ಸಾಲು ಕೋಡ್ ಇದನ್ನು ತಪ್ಪಿಸುತ್ತದೆ.

ಎರಡನೆಯದು ಕಾಣದ ಚಿಹ್ನೆ. 'ವೆಬ್‌ಸೈಟ್' ಎಂಬಲ್ಲಿ 'ಬ್' ಮತ್ತು 'ಸೈ' ಒತ್ತಾಗಿ ಸೇರದಂತೆ ತಡೆಯಲು ಒಂದು ಅಗೋಚರ ಚಿಹ್ನೆ ಇರುತ್ತದೆ. ಅದರ ಸಂಖ್ಯೆ 8204. ಅದರ ಪಕ್ಕದ 8205 ಸೇರಿಸಲು ಬಳಕೆಯಾಗುತ್ತದೆ. ಹುಡುಕುವಾಗ ಎರಡೂ ಕಡೆಯಿಂದ ಇವನ್ನು ತೆಗೆದು ಹೋಲಿಸಿ. ಉಳಿಸಿದ ಮೂಲದಲ್ಲಿ ಮಾತ್ರ ತೆಗೆಯಬೇಡಿ, ತೆಗೆದರೆ ಪದದ ರೂಪವೇ ಕೆಡುತ್ತದೆ.

ಮೂರನೆಯದು ದೀರ್ಘ ಸ್ವರ. 'ಕೋ' ಎಂಬುದರ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಮೂರು ತುಂಡುಗಳನ್ನು ಸೇರಿಸಿಯೂ ಬರೆಯಬಹುದು. ಇವನ್ನು ಒಂದೇ ರೂಪಕ್ಕೆ ತರುವುದಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ. ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ ಇದು ಸಿದ್ಧವಾಗಿದೆ. ಎನ್‌ಎಫ್‌ಸಿ ರೂಪ ಆರಿಸಿ, ಉಳಿಸುವ ಮೊದಲೇ ಮಾಡಿ.

ನಾಲ್ಕನೆಯದು ಅಂಕಿ. '೧೨' ಎಂದು ಕೊಟ್ಟರೆ ಪೈಥಾನ್ ಅದನ್ನು 12 ಎಂದೇ ಓದುತ್ತದೆ, ಜಾವಾಸ್ಕ್ರಿಪ್ಟ್ 'ಇದು ಸಂಖ್ಯೆಯೇ ಅಲ್ಲ' ಎನ್ನುತ್ತದೆ. ವಯಸ್ಸು, ಅಂಕ, ಮೊತ್ತ ತುಂಬುವ ಜಾಗಗಳಲ್ಲಿ ಮೊದಲು ಅಂಕಿಗಳನ್ನು ಬದಲಿಸಿಕೊಳ್ಳಿ.

ಅಕಾರಾದಿ ಪಟ್ಟಿಯಲ್ಲಿ 'ಳ' ಎಲ್ಲಿ?

ನಮ್ಮ ವರ್ಣಮಾಲೆ ಮುಗಿಯುವುದು 'ಹ, ಳ' ಎಂದು. ಯೂನಿಕೋಡ್ ಪಟ್ಟಿಯಲ್ಲಿ 'ಳ' ಕೂತಿರುವುದು 'ಲ' ಪಕ್ಕದಲ್ಲಿ. ಬರೀ ಸಂಖ್ಯೆಯ ಪ್ರಕಾರ ಜೋಡಿಸಿದರೆ ಬಲೆ, ಬಳೆ, ಬಸವ ಎಂದು ಬರುತ್ತದೆ. ನಿಘಂಟಿನ ಕ್ರಮದಲ್ಲಿ ಬಲೆ, ಬಸವ, ಬಳೆ ಎಂದಾಗಬೇಕು. ಇದನ್ನು ಕಂಡು ಕನ್ನಡಕ್ಕೆ ಅನ್ಯಾಯವಾಗಿದೆ ಎನ್ನಬೇಕಿಲ್ಲ. ಯೂನಿಕೋಡ್ ಸಂಖ್ಯೆ ಇರುವುದು ಗುರುತಿಗಾಗಿ. ಜೋಡಣೆಯ ನಿಯಮಗಳು ಪ್ರತ್ಯೇಕವಾಗಿವೆ. ಜೋಡಿಸುವಾಗ ಭಾಷೆ ಕನ್ನಡ ಎಂದು ಪ್ರೋಗ್ರಾಂಗೆ ತಿಳಿಸಿದರೆ ಸರಿಯಾದ ಕ್ರಮ ಸಿಗುತ್ತದೆ.

ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆದರೆ

ಪರದೆಯಲ್ಲಿ ಚೆನ್ನಾಗಿ ಕಂಡ 'ಸ್ತ್ರೀ' ಪಿಡಿಎಫ್‌ನಲ್ಲಿ 'ಸ್‌ತ್‌ರೀ' ಎಂದು ಒಡೆದು ಕಾಣುವುದುಂಟು. ಇಲ್ಲೂ ಮಾಹಿತಿ ಕೆಟ್ಟಿಲ್ಲ. ಚಿಹ್ನೆಗಳನ್ನು ಹೆಣೆದು ಒತ್ತಕ್ಷರದ ಆಕಾರ ಕೊಡುವ ಕೆಲಸವನ್ನು ಎಲ್ಲ ಪಿಡಿಎಫ್ ಲೈಬ್ರರಿಗಳೂ ಮಾಡುವುದಿಲ್ಲ. ಬ್ರೌಸರ್‌ಗಳು ಮಾಡುತ್ತವೆ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಇದಕ್ಕೆಂದೇ ಹಾರ್ಫ್‌ಬಜ್ ಎಂಬ ಎಂಜಿನ್ ಇದೆ. ಪ್ರಮಾಣಪತ್ರವನ್ನು ವೆಬ್ ಪುಟವಾಗಿ ಮಾಡಿ, ಬ್ರೌಸರ್‌ನಿಂದ ಪಿಡಿಎಫ್ ಆಗಿ ಮುದ್ರಿಸುವುದು ಹೊಸಬರಿಗೆ ಸುಲಭದ ದಾರಿ.

ಈ ಹೆಣಿಗೆ ಕೆಲಸ ಎಷ್ಟು ನಾಜೂಕು ಎಂಬುದಕ್ಕೆ 2018ರ ಫೆಬ್ರುವರಿಯ ಘಟನೆ ಸಾಕ್ಷಿ. ತೆಲುಗಿನ ಒಂದು ಅಕ್ಷರಗುಚ್ಛ ಬಂದರೆ ಐಫೋನ್ ಆ್ಯಪ್‌ಗಳು ಸ್ಥಗಿತವಾಗುತ್ತಿದ್ದವು. ತೆಲುಗು ಲಿಪಿಯಲ್ಲಿ ವೈರಸ್ ಇರಲಿಲ್ಲ, ಅಕ್ಷರ ಹೆಣೆಯುವ ಆಪಲ್‌ನ ಕೋಡ್‌ನಲ್ಲಿ ದೋಷವಿತ್ತು. ಅದೇ ತಿಂಗಳು ಐಒಎಸ್ 11.2.6 ಮೂಲಕ ಅದನ್ನು ಸರಿಪಡಿಸಲಾಯಿತು. ತಪ್ಪು ಭಾಷೆಯದ್ದಲ್ಲ, ಕೋಡ್‌ನದ್ದು ಎಂಬುದು ಅಲ್ಲೂ ಸಾಬೀತಾಯಿತು.

ಹಾಗಾದರೆ ಏನು ಮಾಡಬೇಕು?

- ನೂರಾರು ಹೆಸರು ತುಂಬುವ ಮೊದಲು ಒಂದೇ ಒಂದು ಹೆಸರು ತುಂಬಿ ಪರೀಕ್ಷಿಸಿ. 'ಸ್ತ್ರೀ', 'ಸೂರ್ಯ', 'ಗಂಗೋತ್ರಿ' ಇಂಥ ಪದಗಳಲ್ಲಿ ಒತ್ತಕ್ಷರ, ಅರ್ಕಾವತ್ತು, ಅನುಸ್ವಾರ, ದೀರ್ಘ ಎಲ್ಲವೂ ಪರೀಕ್ಷೆಗೆ ಒಳಗಾಗುತ್ತವೆ.
- ಉಳಿಸಿ, ಪ್ರೋಗ್ರಾಂ ಮುಚ್ಚಿ, ಮತ್ತೆ ತೆರೆದು ನೋಡಿ. ಟೈಪ್ ಮಾಡುವಾಗ ಪರದೆಯಲ್ಲಿ ಸರಿಯಾಗಿ ಕಂಡರೆ ಉಳಿದಿದೆ ಎಂದರ್ಥವಲ್ಲ.
- ಐದೂ ಜೋಡಣೆಗಳಲ್ಲಿ ಯುಟಿಎಫ್-8 ಇದೆಯೇ ಎಂದು ಒಂದೊಂದಾಗಿ ನೋಡಿ.
- ಯಾವುದೇ ರಿಪೇರಿಗೆ ಮೊದಲು ಬ್ಯಾಕಪ್ ತೆಗೆಯಿರಿ. ಮೂಲ ಫೈಲ್, ಅರ್ಜಿಯ ಕಾಗದ ಯಾವುದನ್ನೂ ಎಸೆಯಬೇಡಿ. ಪ್ರಶ್ನೆಚಿಹ್ನೆಯಾದ ಹೆಸರನ್ನು ಮರಳಿ ಪಡೆಯಲು ಅವೇ ಗತಿ.
- ಸಹಾಯ ಕೇಳುವಾಗ "ಕನ್ನಡ ಬರುತ್ತಿಲ್ಲ" ಎನ್ನಬೇಡಿ. ಡಬ್ಬಿಯೋ, ಪ್ರಶ್ನೆಚಿಹ್ನೆಯೋ, ಓರೆಗೆರೆಯ ಅಕ್ಷರವೋ ಎಂದು ಹೇಳಿ, ಸ್ಕ್ರೀನ್‌ಶಾಟ್ ಜೊತೆಗೆ ಕಳಿಸಿ.

ಕೊನೆಯ ಮಾತು: ಕಂಪ್ಯೂಟರ್‌ಗೆ ಕನ್ನಡ ಬರುವುದಿಲ್ಲ ಎಂಬುದು ತಪ್ಪು ಕಲ್ಪನೆ. ಕಂಪ್ಯೂಟರ್‌ಗೆ ಇಂಗ್ಲಿಷೂ ಬರುವುದಿಲ್ಲ, ಅದಕ್ಕೆ ಬರುವುದು ಸಂಖ್ಯೆ ಮಾತ್ರ. ಯಾವ ನಕ್ಷೆ ಹಿಡಿಯಬೇಕು ಎಂದು ಸ್ಪಷ್ಟವಾಗಿ ಹೇಳಿದರೆ ಬಾಳಪ್ಪ ಬಾಳಪ್ಪನಾಗಿಯೇ ಉಳಿಯುತ್ತಾನೆ. ಮುಂದಿನ ಬಾರಿ ಯಾರಾದರೂ "ಇಂಗ್ಲಿಷಲ್ಲೇ ಹಾಕು" ಎಂದರೆ, ಅವರಿಗೆ ಈ ಲೇಖನ ಕಳಿಸಿ.